ಜಾಗ ತಿನ್ನುವ ಫೈಲು

ನಮ್ಮ ಯಜಮಾನರ ಗಂಟಲು ಒಂದು ಕಾಲಕ್ಕೆ ಎಂಥದ್ದಾಗಿತ್ತೆಂದರೆ, ಅವರು ಕಾರಿನ ಕಿಟಕಿ ಮುಚ್ಚಿಕೊಂಡು "ಬ್ರೇಕ್!" ಎಂದರೂ ಬೀದಿಯ ಆ ಕೊನೆಯ ಕ್ಷೌರದಂಗಡಿಯವನ ಕಾಲು ತಾನಾಗಿ ನೆಲ ಒತ್ತುತ್ತಿತ್ತು. ಹಾಗೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ನಮ್ಮದು ಡ್ರೈವಿಂಗ್ ಸ್ಕೂಲು. ಇವರು ಕಲಿಸುವವರು, ನಾನು ಆಫೀಸು ನೋಡಿಕೊಳ್ಳುವವಳು. ಊರಿನ ಅರ್ಧ ಜನ ಇವರ ಹತ್ತಿರ ಬೈಸಿಕೊಂಡೇ ಕಾರು ಕಲಿತರು. ಇನ್ನರ್ಧ ಜನ ಇವರ ಬಾಯಿಗೆ ಹೆದರಿ ಇವತ್ತಿಗೂ ಬಸ್ಸಿನಲ್ಲೇ ಓಡಾಡುತ್ತಾರೆ. "ಕ್ಲಚ್ ಬಿಡೋದು ಅಂದ್ರೆ ಚಪ್ಪಲಿ ಬಿಟ್ಟಂಗಲ್ಲ ಕಣ್ರೀ!" "ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಲ್ಲ!" "ಆ ಗೋಡೆ ಏನ್ ನಿಮ್ಮ ಮಾವನ ಮನೇದಾ, ನುಗ್ತಾ ಇದ್ದೀರಲ್ಲ?" ಇಂಥವು ಇವರ ಹತ್ತಿರ ಲೆಕ್ಕವಿಲ್ಲದಷ್ಟಿದ್ದವು. ಬೈಸಿಕೊಂಡವರು ಮುಖ ಊದಿಸಿಕೊಂಡು ಇಳಿಯುತ್ತಿದ್ದರು, ಆಮೇಲೆ ತಮ್ಮ ತಂಗಿಯರನ್ನೂ ಮೈದುನರನ್ನೂ ಇವರ ಹತ್ತಿರವೇ ಕಳಿಸುತ್ತಿದ್ದರು.

ನಾನೂ ಒಂದು ಸಲ ಕಲಿಯಲು ಕೂತಿದ್ದೆ. ಮದುವೆಯಾದ ಹೊಸತು. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಗಾಡಿ ಆಫ್ ಆಯಿತು, ಇವರು ಎಂದಿನಂತೆ ಬಾಯಿ ತೆರೆದರು. ನಾನೇನು ದುಡ್ಡು ಕೊಟ್ಟು ಬಂದ ವಿದ್ಯಾರ್ಥಿಯೇ, ಸುಮ್ಮನೆ ಕೇಳಿಸಿಕೊಳ್ಳುವುದಕ್ಕೆ? ಬಾಗಿಲು ತೆರೆದಿಟ್ಟು ಇಳಿದೆ, ಹಿಂದೆ ಸಾಲುಗಟ್ಟಿದ ಹಾರ್ನುಗಳ ನಡುವೆಯೇ ನಡೆದುಕೊಂಡು ಮನೆಗೆ ಬಂದೆ. "ನಿಮ್ಮ ಕಾರೂ ಬೇಡ, ನಿಮ್ಮ ಪಾಠಾನೂ ಬೇಡ" ಎಂದೆ. ಅಂದಿನಿಂದ ಸ್ಟೇರಿಂಗಿನ ಹಿಂದೆ ನಾನು ಕೂತವಳಲ್ಲ. ಅವರೂ ಮತ್ತೆ ಕರೆಯಲಿಲ್ಲ. ಇಬ್ಬರದೂ ಒಂದೇ ಜಾತಿಯ ಹಟ.

ಅಂಥ ಗಂಟಲಿಗೇ ಕಾಯಿಲೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಆಳೇ ಉಳಿಯುವುದಿಲ್ಲ ಎಂದರು ಡಾಕ್ಟರು. ಸುದ್ದಿ ಕೇಳಿ ಮೊಬೈಲ್ ರಿಪೇರಿ ಅಂಗಡಿಯಾಕೆ ಓಡಿಬಂದಳು. ನಡುವಯಸ್ಸಿನವಳು, ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡವಳು, ಒಂದು ಕಾಲಕ್ಕೆ ಇವರ ಬೈಗುಳಕ್ಕೆ ಕಾರಿನಲ್ಲೇ ಅತ್ತವಳು. ತನ್ನ ಅಂಗಡಿಯಿಂದ ಒಂದು ಹಳೆಯ ಅಂಗೈ ಯಂತ್ರ ತಂದುಕೊಟ್ಟಳು. ನೋಡಲು ದಪ್ಪ ಸೋಪಿನ ಡಬ್ಬಿ; ಮುಚ್ಚಳ ಸರಿಸಿದರೆ ಒಳಗೆ ಪುಟ್ಟ ಕೀಬೋರ್ಡು. "ಮಾಸ್ಟ್ರೇ, ಇದು ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಮೇಲೆ ಓಡೋದು. ಇದಕ್ಕೆ ನೀವೇ ಯಜಮಾನ್ರು. ಹೇಳಿದ್ದನ್ನ ಮಾಡುತ್ತೆ. ಅಳಿಸು ಅಂದ್ರೆ ಅಳಿಸೇಬಿಡುತ್ತೆ, 'ಯೋಚನೆ ಮಾಡಿದ್ರಾ' ಅಂತೆಲ್ಲ ಕೇಳಲ್ಲ" ಎಂದಳು. ಅದರಲ್ಲಿ ಒಂದು ಮಾತಿನ ಆ್ಯಪ್ ಹಾಕಿಕೊಟ್ಟಳು. ಇವರು ತಮ್ಮ ದನಿಯಲ್ಲಿ ಏನು ರೆಕಾರ್ಡ್ ಮಾಡಿದರೂ ಅದನ್ನು ಒಂದೊಂದು ಕೀಲಿಗೆ ಕಟ್ಟಬಹುದು. ಕೀಲಿ ಒತ್ತಿದರೆ ಇವರೇ ಮಾತಾಡಿದಂತೆ. ಬೇರೆ ಏನಾದರೂ ಹೇಳಬೇಕೆಂದರೆ ಟೈಪ್ ಮಾಡಬೇಕು, ಆಗ ಯಂತ್ರ ತನ್ನದೇ ಒಂದು ಸಪ್ಪೆ ದನಿಯಲ್ಲಿ ಓದುತ್ತದೆ. ಅದಕ್ಕೆ ನಾನು 'ಬಾಡಿಗೆ ಗಂಟಲು' ಎಂದು ಹೆಸರಿಟ್ಟೆ.

ಆಪರೇಷನ್ನಿಗೆ ಮುಂಚಿನ ದಿನಗಳಲ್ಲಿ ಇವರು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಅದೇ ಯಂತ್ರದ ಮುಂದೆ ಕೂತಿರುತ್ತಿದ್ದರು. ಹೊರಗಿನಿಂದ "ಬ್ರೇಕ್! ಎಡಕ್ಕೆ! ಅಯ್ಯೋ ನಿಮ್ಮ!" ಎಂದು ಕೇಳುತ್ತಿತ್ತು. ಆಸ್ಪತ್ರೆಗೆ ಹೊರಡುವ ದಿನವೂ ಒಳಗೇ ಇದ್ದರು. ಅವತ್ತು ಮಾತ್ರ ಕೂಗಾಟವಿರಲಿಲ್ಲ, ಏನೋ ಗೊಣಗುಟ್ಟುತ್ತಿದ್ದರು. ನನಗೆ ಹೊತ್ತಾಗುತ್ತಿದೆ ಎನ್ನುವ ಗಾಬರಿ. ಬಾಗಿಲು ಬಡಿದು ಎಬ್ಬಿಸಿಕೊಂಡು ಹೋದೆ.

ಆಳು ಉಳಿದರು. ದೊಡ್ಡದು ಅದೇ, ಒಪ್ಪುತ್ತೇನೆ. ಆದರೆ ಮನೆಗೆ ಬಂದ ಮೇಲೆ ಲೈಸೆನ್ಸ್ ಆಫೀಸಿನವರು ಇವರ ಕಲಿಸುವ ಲೈಸೆನ್ಸನ್ನು ತಡೆಹಿಡಿದರು. ಮಾತು ಬಾರದವರು ಕಲಿಯುವವರನ್ನು ಹೊತ್ತಿಗೆ ಸರಿಯಾಗಿ ಎಚ್ಚರಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ತಪ್ಪೆನ್ನಲಾರೆ. ಅಲ್ಲಿ ಗಾಡಿ ಪರೀಕ್ಷೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರು ಒಂದು ಅವಕಾಶ ಕೊಟ್ಟರು: ಅವರ ಪರೀಕ್ಷಾ ಮೈದಾನದಲ್ಲಿ, ಕಾರು ಬಾರದ ಒಬ್ಬರನ್ನು ಕೂರಿಸಿಕೊಂಡು, ಪಕ್ಕದ ಸೀಟಿನ ಕೆಳಗಿರುವ ಮಾಸ್ತರರ ಪೆಡಲನ್ನು ಮುಟ್ಟದೆ, ಬರೀ ಸೂಚನೆ ಕೊಟ್ಟು ಗಾಡಿ ಓಡಿಸಿ ನಿಲ್ಲಿಸಿ ತೋರಿಸಬೇಕು. ಕಾಲು ಪೆಡಲಿಗೆ ತಾಗಿತೋ, ಅಲ್ಲಿಗೆ ಮುಗಿಯಿತು. ಮತ್ತೆ ಜನ್ಮದಲ್ಲಿ ಕಲಿಸುವ ಹಾಗಿಲ್ಲ.

ಕಲಿಸುವುದು ಬಿಟ್ಟರೆ ಇವರಿಗೆ ಏನು ಬರುತ್ತದೆ? ಮನೆಯಲ್ಲಿ ಕೂತ ಆ ದಿನಗಳನ್ನು ನಾನು ನೋಡಿದ್ದೇನೆ. ನಿಂತ ಕಾರನ್ನೇ ದಿನಾ ಒರೆಸುವುದು, ಅದರ ಪಕ್ಕದ ಸೀಟಿನಲ್ಲೇ ಹೋಗಿ ಕೂರುವುದು, ಎದುರಿನ ಬೀದಿ ನೋಡುವುದು. ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದರು, ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಆ ಬೈಯುವ ಮನುಷ್ಯನೇ ಬೇಕಾಗಿತ್ತು ನನಗೆ. ಇವರಲ್ಲ.

ಪರೀಕ್ಷೆಗೆ ಇನ್ನೂ ಕೆಲವು ದಿನಗಳಿದ್ದಾಗ ಖಾಲಿ ಬಯಲಿನಲ್ಲಿ, ಕಲಿಯಲು ಹೆಸರು ಹಚ್ಚಿದ್ದ ದಂತವೈದ್ಯರನ್ನು ಕೂರಿಸಿಕೊಂಡು ಒಂದು ಸಲ ನೋಡಿದೆವು. ಇವರು ಕೀಲಿ ಒತ್ತಿದರು. ಯಂತ್ರ ಯೋಚಿಸಿತು. ದಂತವೈದ್ಯರು ಸೀದಾ ಹೋಗಿ ಹಳೇ ಟಯರುಗಳ ಗುಡ್ಡೆಗೆ ಗುದ್ದಿದರು. ಆಮೇಲೆ ಯಂತ್ರ ಗಂಭೀರವಾಗಿ "ಬ್ರೇಕ್!" ಎಂದಿತು.

ರಿಪೇರಿಯಾಕೆ ಅಕ್ಕನ ಮನೆಗೆ ಹೋಗಿದ್ದಳು. ಫೋನಿನಲ್ಲಿ ಹೇಳಿದಳು: "ಅಕ್ಕ, ಅದು ಹಳೇ ಆ್ಯಪ್, ನಿಧಾನ. ಹೊಸದು ಬಂದಿದೆ, ಒತ್ತಿದ ತಕ್ಷಣ ಮಾತಾಡುತ್ತೆ. ಹಾಕ್ಕೊಳ್ಳಿ. ಬಹಳ ಸುಲಭ."

ಸುಲಭವಂತೆ! ಹಾಕಲು ಹೋದರೆ ಪರದೆಯ ಮೇಲೆ ಒಂದೇ ಮಾತು: ಜಾಗ ಸಾಲದು.

ಊಟದ ಮೇಜಿನ ಮೇಲೆ ಯಂತ್ರವಿಟ್ಟುಕೊಂಡು ಇಬ್ಬರೂ ಕೂತೆವು. ಮೊದಲು ಆಟಗಳನ್ನು ತೆಗೆದೆವು. ಇಸ್ಪೀಟಿನ ಆಟ ತೆಗೆಯುವಾಗ ಇವರಿಗಿಂತ ನನಗೇ ಹೆಚ್ಚು ಬೇಜಾರಾಯಿತು. ಆಮೇಲೆ ನಾವು ಎಂದೂ ಹೋಗದ ಊರುಗಳ ನಕ್ಷೆ, ಎಂದೂ ಓದದ ಭಾಷೆಗಳು, ಹವಾಮಾನ ಹೇಳುವುದೊಂದು. ಪ್ರತಿ ಸಲವೂ ಮತ್ತೆ ಪ್ರಯತ್ನಿಸಿದೆವು, ಪ್ರತಿ ಸಲವೂ ಜಾಗ ಸಾಲದು. ಕೊನೆಗೆ ಉಳಿದಿದ್ದು ಇವರ ರೆಕಾರ್ಡಿಂಗುಗಳು. ಯಾವುದು ಎಷ್ಟು ಜಾಗ ತಿಂದಿದೆ ಎಂದು ಯಂತ್ರವೇ ಸಾಲಾಗಿ ತೋರಿಸಿತು. ಎಲ್ಲಕ್ಕಿಂತ ಮೇಲೆ ಒಂದು ದೈತ್ಯ ಫೈಲು. ಉಳಿದವನ್ನೆಲ್ಲ ಒಟ್ಟು ಕೂಡಿಸಿದರೂ ಅದಕ್ಕಿಂತ ಸಣ್ಣವು. ಹೆಸರಿನ ಜಾಗದಲ್ಲಿ ಬರೀ '೧' ಎಂದಿತ್ತು, ಯಾವ ಕೀಲಿಗೂ ಕಟ್ಟಿರಲಿಲ್ಲ.

"ಇದೇನ್ರೀ ಇದು? ಇದೊಂದನ್ನ ತೆಗೆದ್ರೆ ಎಲ್ಲಾ ಸರಿಹೋಗುತ್ತಲ್ಲ!" ಎಂದು ಬೆರಳು ಚಾಚಿದೆ.

ಇವರು ಅಂಗೈಯನ್ನು ಪರದೆಯ ಮೇಲೆ ಮುಚ್ಚಿದರು. ತಲೆ ಅಲ್ಲಾಡಿಸಿದರು.

"ಏನಿದೆ ಅದರಲ್ಲಿ?"

ಮತ್ತೆ ತಲೆ ಅಲ್ಲಾಡಿಸಿದರು. ಟೈಪ್ ಮಾಡಿ ಹೇಳಬಹುದಿತ್ತು, ಬಾಡಿಗೆ ಗಂಟಲು ಇರಲಿಲ್ಲವೇ? ಹೇಳಲಿಲ್ಲ. ನನಗೆ ಮೈ ಉರಿಯಿತು. "ಇಟ್ಕೊಳ್ಳಿ, ಪೂಜೆ ಮಾಡಿ!" ಎಂದು ಎದ್ದು ಅಡುಗೆಮನೆಗೆ ಹೋದೆ.

ಅಲ್ಲಿಂದ ಕೇಳಿಸಿತು. ಇವರು ಒಂದೊಂದೇ ಸಣ್ಣ ಫೈಲನ್ನು ಒತ್ತಿ ಕೇಳುತ್ತಿದ್ದರು. "ಇಂಡಿಕೇಟರ್ ಹಾಕಿದ್ದು ನೀವೋ, ನಿಮ್ಮ ಮೊಣಕಾಲೋ?" ಎಂದಿತು ಹಳೆಯ ಗಂಟಲು. ಆಮೇಲೆ ಟಕ್. ಮತ್ತೊಂದು: "ಗೇರ್ ಅದು, ಸೌಟಲ್ಲ, ತಿರುವ್ಬೇಡಿ." ಟಕ್. ಆ ಟಕ್ ಎಂದರೆ ಏನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಳಿಸುತ್ತಿದ್ದರು! ತಮ್ಮ ಗಂಟಲನ್ನು ತಾವೇ ಚೂರುಚೂರಾಗಿ ಅಳಿಸುತ್ತಿದ್ದರು, ಆ ದೈತ್ಯನಿಗೆ ಜಾಗ ಉಳಿಸಲು. ಮತ್ತೆ ರೆಕಾರ್ಡ್ ಮಾಡುವುದಕ್ಕೆ ಗಂಟಲೆಲ್ಲಿದೆ?

ಒದ್ದೆ ಕೈಯಲ್ಲೇ ಓಡಿಬಂದೆ. "ಅಯ್ಯೋ, ಬೇಡ ಕಣ್ರೀ! ಬೈಗುಳ ತೆಗೀಬೇಡಿ! ಬೈಗುಳ ಇಲ್ದೆ ನೀವ್ ಹೆಂಗೆ ಕಲಿಸ್ತೀರಿ?" ಜೀವಮಾನವಿಡೀ ಆ ಬಾಯಿಯ ಮೇಲೆ ಸಿಟ್ಟು ಮಾಡಿಕೊಂಡು ಬಂದವಳು ನಾನು. ಅವತ್ತು ಅದೇ ಬೈಗುಳಗಳ ಪರವಾಗಿ ಕೈಮುಗಿದೆ. ಇವರ ಬೆರಳು ಅಷ್ಟು ಹೊತ್ತಿಗೆ ಗೋಡೆ–ಮಾವನ ಮನೆಯ ಮೇಲಿತ್ತು. ಯಂತ್ರವನ್ನೇ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡೆ. ಇವರ ಕಣ್ಣು ತುಂಬಿತ್ತು. ನನ್ನದೂ.

ರಿಪೇರಿಯಾಕೆ ಊರಿಂದ ಬಂದವಳೇ ಸೀದಾ ನಮ್ಮ ಮನೆಗೆ ಬಂದಳು. ಯಂತ್ರ ನೋಡಿ ಹಣೆ ಚಚ್ಚಿಕೊಂಡಳು. "ಅಕ್ಕ, ನನ್ನ ಒಂದ್ ಮಾತು ಕೇಳಬಾರದಿತ್ತಾ? ಇದರೊಳಗೆ ಎರಡು ಜಾಗ ಇದೆ. ಒಂದು ಸಣ್ಣ ಕೋಣೆ, ಆ್ಯಪ್‌ಗಳೆಲ್ಲ ಅಲ್ಲೇ ಇರ್ತೀನಿ ಅಂತ ಹಟ ಮಾಡ್ತವೆ. ಇನ್ನೊಂದು ದೊಡ್ಡ ಗೋದಾಮು, ಹಾಡು ಫೋಟೋ ಇಡೋಕೆ. ನಿಮ್ಮ ಗೋದಾಮಿನಲ್ಲಿ ಒಂದು ಕಸಪೊರಕೆನೂ ಇಲ್ಲ! ಇಡೀ ಊರಿಗಾಗೋಷ್ಟು ಜಾಗ ಖಾಲಿ ಬಿದ್ದಿದೆ, ನೀವಿಬ್ಬರೂ ಸಣ್ಣ ಕೋಣೆಯಲ್ಲಿ ಕೂತ್ಕೊಂಡು ಪಾತ್ರೆ ಬಿಸಾಕಿದ್ದೀರಿ."

"ಹಂಗಾದ್ರೆ ಸಾಮಾನೆಲ್ಲ ಗೋದಾಮಿಗೆ ಹಾಕು."

"ಸುಮ್ಮನೆ ಹಾಕಿದ್ರೆ ಆ್ಯಪ್‌ಗೆ ಸಿಗಲ್ಲ, ಅದು ಕೋಣೆಯಲ್ಲೇ ಹುಡುಕುತ್ತೆ. ಸಾಮಾನು ಅಲ್ಲಿಟ್ಟು, 'ಅಲ್ಲಿದೆ ನೋಡು' ಅಂತ ಇಲ್ಲೊಂದು ಕೈ ತೋರಿಸೋ ಕೊಂಡಿ ಇಡ್ಬೇಕು. ಆ್ಯಪ್‌ಗೆ ಗೊತ್ತೇ ಆಗಲ್ಲ, ಇಲ್ಲೇ ಇದೆ ಅನ್ಕೊಳ್ಳುತ್ತೆ." ಕಪ್ಪು ಪರದೆಯೊಂದನ್ನು ತೆರೆದು ಟಕಟಕ ಟೈಪ್ ಮಾಡಿದಳು. ರೆಕಾರ್ಡಿಂಗುಗಳೆಲ್ಲ, ಆ ದೈತ್ಯನ ಸಮೇತ, ಗೋದಾಮಿಗೆ ಹೋದವು. ಹೊಸ ಆ್ಯಪ್ ಆರಾಮಾಗಿ ಕೂತಿತು. ಇವರು ಕೀಲಿ ಒತ್ತಿದರು. ಬೆರಳು ಏಳುವುದಕ್ಕೆ ಮುಂಚೆ "ಬ್ರೇಕ್!" ಎಂದಿತು. ಅಳಿಸಿದವು ಹೋದವು, ಅವು ಬರಲಿಲ್ಲ. ಗೋಡೆ–ಮಾವನ ಮನೆ ಉಳಿದಿತ್ತು.

ನಾನು ಕಾಫಿ ಮಾಡಲು ಒಳಗೆ ಹೋಗಿದ್ದಾಗ ಅವಳು ಇವರಿಗೆ ಒಂದು ಎಚ್ಚರಿಕೆ ಹೇಳಿದಳಂತೆ. ಬೇರೆ ಯಂತ್ರಕ್ಕೆ ಕೇಬಲ್ ಹಾಕಿದಾಗ ಇದು 'ಗೋದಾಮು ಅವರಿಗೆ ಕೊಡಲೇ' ಎಂದು ಕೇಳುತ್ತದೆ, ಬೇಡ ಎನ್ನಬೇಕು. ಕೊಟ್ಟರೆ ಗೋದಾಮು ಆ ಕಡೆಗೆ ಹೋಗಿಬಿಡುತ್ತದೆ, ಇಲ್ಲಿ ಆ್ಯಪಿಗೆ ಮಾತೇ ಸಿಗುವುದಿಲ್ಲ. ಇವರು ತಲೆದೂಗಿದರು. ಮೊದಲಾಗಿದ್ದರೆ ಇಂಥದ್ದನ್ನು ಮನೆಯ ಗೋಡೆ ಅದುರುವಂತೆ ಹತ್ತು ಸಲ ನನಗೆ ಒದರುತ್ತಿದ್ದರು. ಈಗ ಟೈಪ್ ಮಾಡಿ ಹೇಳಬೇಕು, ಆಮೇಲೆ ಹೇಳಿದರಾಯಿತು ಎಂದುಕೊಂಡರು. ಮರೆತರು.

ಪರೀಕ್ಷೆಯ ದಿನ ದಂತವೈದ್ಯರು ಬೆನ್ನು ಹಿಡಿದುಕೊಂಡು ಹಾಸಿಗೆಯಲ್ಲಿ ಮಲಗಿಬಿಟ್ಟರು. ಮೈದಾನಕ್ಕೆ ಹೋದ ಮೇಲೆ ಫೋನು ಬಂತು. ಬ್ರೇಕ್ ಇನ್‌ಸ್ಪೆಕ್ಟರು ದಪ್ಪ ಮೀಸೆಯವರು, ಹುಬ್ಬು ಗಂಟಿಕ್ಕಿಯೇ ಹುಟ್ಟಿದವರಂತಿದ್ದರು. "ಇವತ್ತು ಬಿಟ್ರೆ ನನಗೆ ವರ್ಗ ಆಗುತ್ತೆ. ಹೊಸಬರು ಇಂಥದ್ದಕ್ಕೆಲ್ಲ ಒಪ್ಪಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮ, ನಿಮಗೆ ಕಾರ್ ಬರುತ್ತಾ?"

"ಬರಲ್ಲ."

"ಒಳ್ಳೇದಾಯ್ತು. ಮೈದಾನದೊಳಗೆ ಯಾರಾದ್ರೂ ಆಗುತ್ತೆ. ಕೂತ್ಕೊಳ್ಳಿ."

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಇಷ್ಟು ವರ್ಷದ ಹಟವನ್ನು ಮೈದಾನದ ಧೂಳಿನಲ್ಲಿ ಬಿಟ್ಟು ಸ್ಟೇರಿಂಗಿನ ಹಿಂದೆ ಹೋಗಿ ಕೂತೆ. ಇವರು ಪಕ್ಕದಲ್ಲಿ, ಇನ್‌ಸ್ಪೆಕ್ಟರು ಹಿಂದೆ. ಇವರು ಬೆಳಗ್ಗೆಯಿಂದ ಅಭ್ಯಾಸ ಮಾಡಿ ಮಾಡಿ ಯಂತ್ರದ ಬ್ಯಾಟರಿ ಕೆಂಪಾಗಿತ್ತು. ನಡುವೆ ಸತ್ತರೆ ಗತಿಯೇನು? ಕಾರಿಗೆ ಹಾಕಿಸಿದ್ದ ಹೊಸ ಸ್ಟೀರಿಯೊದಲ್ಲಿ ಕೇಬಲ್ ಸಿಕ್ಕಿಸುವ ಜಾಗವಿತ್ತು. ಇವರು ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಿದ್ದಾಗ ನಾನೇ ಬುದ್ಧಿವಂತಿಕೆಯಿಂದ ಚಾರ್ಜಿಗೆ ಹಾಕಿದೆ. ಪರದೆಯ ಮೇಲೆ ಏನೋ ಪ್ರಶ್ನೆ ಬಂತು. ಓದಲು ಕನ್ನಡಕ ಎಲ್ಲಿದೆ? ಇಂಥ ಪ್ರಶ್ನೆಗೆಲ್ಲ ನಾನು ಕೊಡುವ ಉತ್ತರ ಒಂದೇ. ಹೌದು ಎಂದು ಒತ್ತಿದೆ.

"ಶುರು ಮಾಡಿ" ಎಂದರು ಇನ್‌ಸ್ಪೆಕ್ಟರು.

ಇವರು ಮೊದಲ ಕೀಲಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು, ಬಲವಾಗಿ. ಕೇಬಲ್ ಕಂಡಿತು. ಕೈ ಕೇಬಲಿನ ಕಡೆ ಹೋಯಿತು. ಅಷ್ಟರಲ್ಲಿ ಸ್ಟೀರಿಯೊ ಗೋದಾಮಿನ ಮೊದಲ ಫೈಲನ್ನು ತಾನಾಗಿ ಹಾಕಿತು; ಕಾರಿನ ನಾಲ್ಕೂ ಬಾಗಿಲಿನ ಸ್ಪೀಕರುಗಳಿಂದ ಇವರ ದನಿ ಬಂತು. ಸೋಪಿನ ಡಬ್ಬಿಯ ಕೀಚಲು ದನಿಯಲ್ಲ. ಮೊದಲಿನ, ಮೈತುಂಬಿದ ಗಂಟಲು.

"ಬಂದ್ಯಾ? ಕೂತ್ಕೋ. ಬಾಗ್ಲು ಮೆಲ್ಲಗೆ ಹಾಕು. ಹೆದರ್ಬೇಡ, ಇವತ್ತು ನಾನು ಬೈಯಲ್ಲ."

ಇವರ ಕೈ ಗಾಳಿಯಲ್ಲೇ ನಿಂತಿತು.

"ಊರಿಗೆಲ್ಲ ಕಲಿಸ್ದೆ, ನಿಂಗೊಬ್ಬಳಿಗೆ ಕಲಿಸ್ಲಿಲ್ಲ. ಅವತ್ತು ರಸ್ತೆ ಮಧ್ಯ ಹಂಗೆ ಬೈಬಾರದಿತ್ತು ನಾನು. ನಾಳೆ ಆಪರೇಷನ್ ಹೆಂಗಾಗುತ್ತೋ ಗೊತ್ತಿಲ್ಲ. ನಾನು ಇಲ್ದಿದ್ರೆ ಕಾರು ಸುಮ್ನೆ ನಿಂತ್ಕೊಂಡು ತುಕ್ಕು ಹಿಡಿಯುತ್ತೆ. ಅದಕ್ಕೇ ಹೇಳ್ತಾ ಇದ್ದೀನಿ. ಮೊದ್ಲು ಸೀಟ್ ಮುಂದಕ್ಕೆ ಎಳ್ಕೋ. ನಿನ್ ಕಾಲು ಗಿಡ್ಡ."

ಸೀಟು ಮುಂದಕ್ಕೆ ಎಳೆದುಕೊಂಡೆ. ಬೇರೇನು ಮಾಡಲಿ? ಹಿಂದಿನಿಂದ ಇನ್‌ಸ್ಪೆಕ್ಟರು "ಪರವಾಗಿಲ್ಲ, ಯಂತ್ರ ಚೆನ್ನಾಗಿ ಮಾತಾಡುತ್ತೆ" ಎಂದರು. ಅವರಿಗೆ ಎಲ್ಲವೂ ಕೀಲಿಯಿಂದ ಬರುತ್ತಿದೆ ಎಂದೇ ಎಣಿಕೆ.

"ಕೀ ತಿರುಗಿಸು." ಆಮೇಲೆ ಮೌನ. ನಾನು ಕೀ ಹುಡುಕಿ ತಿರುಗಿಸುವಷ್ಟು ಹೊತ್ತು ಆ ದನಿ ಸುಮ್ಮನಿತ್ತು. "ಎಡಗಾಲಲ್ಲಿ ಕ್ಲಚ್ ಪೂರ್ತಿ ಒತ್ತು." ಮತ್ತೆ ಮೌನ. "ಒಂದನೇ ಗೇರು. ಸಿಗ್ಲಿಲ್ವಾ? ಸಿಗುತ್ತೆ, ಹುಡುಕು." ನಾನು ತಡಕಾಡುತ್ತಿದ್ದೆ, ದನಿ ಕಾಯುತ್ತಿತ್ತು. ಅದಕ್ಕೇ ಆ ಫೈಲು ಅಷ್ಟು ಜಾಗ ತಿಂದಿತ್ತು. ಅದರಲ್ಲಿ ಮಾತಿಗಿಂತ ಹೆಚ್ಚು ಕಾಯುವುದೇ ತುಂಬಿತ್ತು. ಜನ್ಮದಲ್ಲಿ ಯಾರಿಗೂ ಕಾಯದ ಮನುಷ್ಯ, ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂತು, ನನ್ನ ಕಾಲು ಕೈ ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆಂದು ಅಂದಾಜು ಮಾಡುತ್ತ ಕಾದಿದ್ದರು.

"ಈಗ ಕ್ಲಚ್ ನಿಧಾನಕ್ಕೆ ಬಿಡು. ನಿಧಾನ... ಆಫ್ ಆಯ್ತಾ? ಆಗೇ ಆಗಿರುತ್ತೆ. ಪರವಾಗಿಲ್ಲ, ಇನ್ನೊಂದ್ ಸಲ." ನಿಜಕ್ಕೂ ಆಫ್ ಆಗಿತ್ತು! ಅಳುತ್ತಿದ್ದವಳಿಗೆ ನಗು ಬಂತು. ಇನ್ನೊಂದು ಸಲಕ್ಕೆ ಕಾರು ಒಮ್ಮೆ ಕುಪ್ಪಳಿಸಿ ಹೊರಟಿತು. ಇವರು ಒಂದು ಕೈಯಲ್ಲಿ ಯಂತ್ರ, ಇನ್ನೊಂದು ಕೈ ಕೇಬಲಿನ ಹತ್ತಿರ ಇಟ್ಟುಕೊಂಡು ಕೂತಿದ್ದರು. ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಎರಡನೇ ಗೇರು. ಹ್ಞಾ. ಓಡಿಸ್ತಾ ಇದ್ದೀಯ ನೋಡು! ರಸ್ತೆ ದೂರಕ್ಕೆ ನೋಡು, ಬಾನೆಟ್ ನೋಡ್ಬೇಡ." ಮೈದಾನ ಕಾರಿನಡಿ ಸರಿಯತೊಡಗಿತು. ಎದುರಿಗೆ, ಆ ತುದಿಯಲ್ಲಿ, ಲೈಸೆನ್ಸ್ ಆಫೀಸಿನ ಕಾಂಪೌಂಡು ಗೋಡೆ. "ಈಗ ನಿಲ್ಲಿಸೋದು. ಓಡಿಸೋದು ಎಲ್ಲರಿಗೂ ಬರುತ್ತೆ, ನಿಲ್ಲಿಸೋದೇ ಕಷ್ಟ. ಸರಿಯಾಗಿ ಕೇಳು. ಮೊದ್ಲು ಬಲಗಾಲನ್ನ..."

ದಡ ದಡ ದಡ. ಸ್ಪೀಕರಿನಲ್ಲಿ ಯಾರೋ ಬಾಗಿಲು ಬಡಿದರು. "ರೀ! ಹೊತ್ತಾಯ್ತು! ಒಳಗೇನ್ ಬೇರು ಬಿಟ್ಟಿದ್ದೀರಾ?" ನಾನೇ. ಆಸ್ಪತ್ರೆಗೆ ಹೊರಡುವ ದಿನದ ನಾನು.

"ಬಂದೆ ಇರೇ" ಎಂದಿತು ಆ ಗಂಟಲು. ಅಲ್ಲಿಗೆ ಮುಗಿಯಿತು.

ಒಂದು ಕ್ಷಣದ ನಂತರ ಸ್ಟೀರಿಯೊ ಮುಂದಿನ ಫೈಲಿಗೆ ಹೋಗಿ "ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ!" ಎಂದು ಅರಚಿತು. ಇವರು ಕೇಬಲ್ ಕಿತ್ತರು. ಕಾರಿನೊಳಗೆ ಇಂಜಿನ್ನಿನ ಸದ್ದು ಮಾತ್ರ. ಇವರು ಬ್ರೇಕ್ ಕೀಲಿಯನ್ನು ಒತ್ತಿದರು, ಒತ್ತಿದರು. ಗೋದಾಮು ಇನ್ನೂ ಮರಳಿ ಬಂದಿರಲಿಲ್ಲ. ಗೋಡೆ ಹತ್ತಿರಾಗುತ್ತಿತ್ತು. ಬ್ರೇಕ್ ಎಲ್ಲಿದೆ ಎಂದು ನನಗೆ ಗೊತ್ತಿಲ್ಲವೇ? ಇಷ್ಟು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕೂತವಳು. ಆದರೆ ಗೊತ್ತಿದ್ದದ್ದು ತಲೆಗೆ, ಕಾಲಿಗಲ್ಲ. ಕಾಲು ಆಕ್ಸಿಲರೇಟರಿಗೆ ಅಂಟಿಕೊಂಡು ಕಲ್ಲಾಗಿತ್ತು. "ರೀ!" ಎಂದು ಕಿರುಚಿದೆ.

ಇವರ ಎರಡು ಕಾಲೂ ತಮ್ಮ ಪೆಡಲುಗಳ ಮೇಲೆಯೇ ತೂಗಾಡುತ್ತಿದ್ದವು. ಒತ್ತಿದರೆ ಜೀವ ಉಳಿಯುತ್ತದೆ, ಲೈಸೆನ್ಸ್ ಹೋಗುತ್ತದೆ. ಕಾರು ಕಲಿಸುವುದಕ್ಕೆ ಶುರುಮಾಡಿದ ದಿನದಿಂದ ಇವರ ಕಾಲು ಆ ಪೆಡಲನ್ನು ಬಿಟ್ಟು ಅತ್ತಿತ್ತ ಹೋಗಿದ್ದನ್ನು ಯಾರೂ ನೋಡಿಲ್ಲ. ಇವರು ನನ್ನ ಭುಜ ತಟ್ಟಿದರು. ಆಮೇಲೆ ಎರಡೂ ಕಾಲನ್ನು ಎತ್ತಿ, ಚಪ್ಪಲಿಯ ಸಮೇತ, ಡ್ಯಾಶ್‌ಬೋರ್ಡಿನ ಮೇಲಿಟ್ಟರು. ನನಗೆ ಕಾಣುವ ಹಾಗೆ. ಬಲಗಾಲನ್ನು ಎತ್ತಿ ಎಡಕ್ಕೆ ಸ್ವಲ್ಪ ಸರಿಸಿದರು. ನನ್ನ ಬಲಗಾಲು ಸರಿಯಿತು. ಎಡಗಾಲನ್ನು ಡ್ಯಾಶ್‌ಬೋರ್ಡಿಗೆ ಒತ್ತಿದರು. ನಾನು ಕ್ಲಚ್ ಒತ್ತಿದೆ. ಬಲಗಾಲನ್ನು ಒತ್ತಿದರು, ಮೆಲ್ಲಗೆ, ಇನ್ನೂ ಮೆಲ್ಲಗೆ, ಪಾದ ಬಾಗುವವರೆಗೆ. ಆ ಕಾಲು ಮಾಡಿದ್ದನ್ನೇ ನನ್ನ ಕಾಲು ಮಾಡಿತು.

ಕಾರು ನಿಂತಿತು. ಗೋಡೆಯ ಮೇಲೆ ಅಂಟಿಸಿದ್ದ ಹಳೆಯ ಚೀಟಿಯ ಅಕ್ಷರ ಕನ್ನಡಕವಿಲ್ಲದೆ ಓದುವಷ್ಟು ಹತ್ತಿರದಲ್ಲಿ.

ಸ್ಟೇರಿಂಗಿಗೆ ಹಣೆ ಇಟ್ಟು ಅತ್ತೆ. ನಾಚಿಕೆಯಿಲ್ಲದೆ ಗಟ್ಟಿಯಾಗಿ ಅತ್ತೆ. ಕಾಲು ಅಲ್ಲಿಟ್ಟ ಮೇಲೆ, ನಾನು ತಪ್ಪಿದ್ದರೆ, ಇವರು ಮಾಡುವುದಕ್ಕೇನೂ ಉಳಿದಿರಲಿಲ್ಲ. ತಮ್ಮ ಜೀವವನ್ನೂ ಕೆಲಸವನ್ನೂ ನನ್ನ ಗಿಡ್ಡ ಕಾಲಿಗೆ ಒಪ್ಪಿಸಿದ್ದರು.

ಹಿಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರು ಮೂಗು ಒರೆಸಿಕೊಂಡ ಸದ್ದಾಯಿತು. "ಪೆಡಲ್ ಮುಟ್ಟಿಲ್ಲ" ಎಂದರು. "ಆದ್ರೆ ಅಮ್ಮ, ಮೊದಲು ಕೇಳಿದ್ದೇನದು?" ಇದ್ದದ್ದನ್ನು ಇದ್ದಹಾಗೆ ಹೇಳಿದೆ, ಕೇಬಲಿನಿಂದ ಹಿಡಿದು ಬಾಗಿಲು ಬಡಿದದ್ದರವರೆಗೆ. ಅವರು ಮೀಸೆ ತಿರುವುತ್ತ ಕೇಳಿದರು. "ನೀವು ಹೆಂಡ್ತಿ, ಕಾಲ್ ನೋಡಿ ಅರ್ಥ ಮಾಡ್ಕೊಂಡ್ರಿ. ನಾಳೆ ಬರೋ ಹುಡುಗ ರಸ್ತೆ ನೋಡ್ತಾನೋ, ಇವರ ಚಪ್ಪಲಿ ನೋಡ್ತಾನೋ? ಇದನ್ನ ನಾನು ಪಾಸ್ ಅಂತ ಬರೆಯೋಕಾಗಲ್ಲ. ಇಳೀರಿ."

ಇಳಿದೆ. ಇನ್‌ಸ್ಪೆಕ್ಟರೂ ಇಳಿದರು. ಹೋಗಿಬಿಡುತ್ತಾರೆ ಎಂದುಕೊಂಡೆ. ಅವರು ಬಂದು ಸ್ಟೇರಿಂಗಿನ ಹಿಂದೆ ಕೂತರು. "ಮಾಸ್ಟ್ರೇ, ನಾನು ಏನೂ ಬಾರದವನು ಅಂತ ತಿಳ್ಕೊಳ್ಳಿ" ಎಂದು ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋದರು. ಯಂತ್ರಕ್ಕೆ ಅಷ್ಟರಲ್ಲಿ ಗೋದಾಮು ಮರಳಿತ್ತು. ಕೆಂಪು ಬ್ಯಾಟರಿಯೊಂದು ಸತ್ತುಹೋಗದಿರಲಿ ಎಂದು ನಾನು ಮೈದಾನದ ಅಂಚಿನಲ್ಲಿ ಉಸಿರು ಹಿಡಿದು ನಿಂತೆ. ಇನ್‌ಸ್ಪೆಕ್ಟರು ಪುಂಡನ ಹಾಗೆ ಓಡಿಸಿದರು. ತೆರೆದ ಕಿಟಕಿಯಿಂದ ಕೇಳುತ್ತಿತ್ತು: "ಕನ್ನಡಿ!" "ಎಡಕ್ಕೆ!" "ಕ್ಲಚ್ ಬಿಡೋದು ಅಂದ್ರೆ ಚಪ್ಪಲಿ ಬಿಟ್ಟಂಗಲ್ಲ ಕಣ್ರೀ!" ಕೊನೆಗೆ ಬೇಕೆಂದೇ ಅದೇ ಗೋಡೆಯ ಕಡೆ ನುಗ್ಗಿಸಿದರು. "ಬ್ರೇಕ್!" ಧೂಳೆಬ್ಬಿಸಿ ಗಾಡಿ ನಿಂತಿತು. ಅದಾದ ಮೇಲೆ, ಬೇಕಾಗಿಯೇ ಇರಲಿಲ್ಲ, ಇವರು ಇನ್ನೊಂದು ಕೀಲಿಯನ್ನೂ ಒತ್ತಿದರು.

"ಆ ಗೋಡೆ ಏನ್ ನಿಮ್ಮ ಮಾವನ ಮನೇದಾ, ನುಗ್ತಾ ಇದ್ದೀರಲ್ಲ?"

ಅಯ್ಯೋ ಮುಗಿಯಿತು ಕಥೆ ಎಂದುಕೊಂಡೆ. ಇನ್‌ಸ್ಪೆಕ್ಟರು ಸ್ಟೇರಿಂಗ್ ಹಿಡಿದುಕೊಂಡು ಭುಜ ಕುಣಿಯುವಂತೆ ನಕ್ಕರು. ಆಫೀಸಿಗೆ ಹೋಗಿ ಸಹಿ ಹಾಕಿದರು.

ಆ ಮೇಲೆ ರಿಪೇರಿಯಾಕೆ ಒಂದು ದಿನ ಯಂತ್ರ ಶುಚಿ ಮಾಡಲು ಬಂದಿದ್ದಳು. "ಈ '೧' ಅನ್ನೋದು ಅರ್ಧಕ್ಕೇ ನಿಂತಿದೆ, ಜಾಗ ತಿನ್ತಾ ಇದೆ. ತೆಗೀಲಾ?" ಎಂದಳು. ಇವರು ನನ್ನ ಮುಖ ನೋಡಿದರು. ನಾನು ಅಂಗೈಯನ್ನು ಪರದೆಯ ಮೇಲೆ ಮುಚ್ಚಿದೆ.

ಈಗ ಬೆಳಗಿನ ಹೊತ್ತು, ವಿದ್ಯಾರ್ಥಿಗಳು ಬರುವ ಮುಂಚೆ, ನನ್ನ ಪಾಠ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಿಕೊಂಡಿದ್ದೇನೆ. ನಿಲ್ಲಿಸುವುದು ಬರುತ್ತದೆ, ರಿವರ್ಸ್ ಇನ್ನೂ ಬರುವುದಿಲ್ಲ. ಪಾತ್ರೆ ತೊಳೆದು, ಆಫೀಸಿನ ಬೀಗದ ಕೈ ಹುಡುಕಿ, ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಇವರು ಹೋಗಿ ಪಕ್ಕದ ಸೀಟಿನಲ್ಲಿ ಕೂತಿರುತ್ತಾರೆ. ಕಾಯುತ್ತಾರೆ. ತುಂಬಾ ಹೊತ್ತು ಕಾಯುತ್ತಾರೆ. ತಡೆಯಲಾರದೆ ಕೊನೆಗೊಮ್ಮೆ ಕೈ ಚಾಚಿ ಹಾರ್ನ್ ಒತ್ತುತ್ತಾರೆ.

"ಬಂದೆ, ಇರ್ರೀ" ಎಂದು ಒಳಗಿನಿಂದ ಕೂಗುತ್ತೇನೆ.